ಭುಜದ ಮೇಲೆ ಗೋಪುರ

"ಇಲ್ಲಿ ನೋಡಪ್ಪ, ಹೋಟೆಲಿನ ಕಿಟಕಿಯಿಂದಲೇ ಕಾಲುವೆ ಕಾಣುತ್ತೆ. ದೋಣಿಗಳೂ ಇವೆ. ಇನ್ನೇನು ಬೇಕು ನಿನಗೆ?" ಎನ್ನುತ್ತ ಇಂಗ್‌ವಿಲ್ ಮೀನಿನ ತಟ್ಟೆಗಳನ್ನು ಅತ್ತ ಸರಿಸಿ ಲ್ಯಾಪ್‌ಟಾಪನ್ನು ಅಪ್ಪನ ಕಡೆಗೆ ತಿರುಗಿಸಿದಳು.

ಓಡ್‌ವಾರ್ ಹಣೆಯ ಮೇಲಿದ್ದ ಕನ್ನಡಕವನ್ನು ಕೆಳಗಿಳಿಸಲೇ ಇಲ್ಲ. ಬೇಯಿಸಿದ ಮೀನಿನ ಮುಳ್ಳುಗಳನ್ನು ತಟ್ಟೆಯ ಅಂಚಿನಲ್ಲಿ ಸಾಲಾಗಿ ಇಡುತ್ತ, "ಕಾಲುವೆ ಅಂದ್ರೆ ಗೋಡೆ ಕಟ್ಟಿ ಸಾಕಿದ ನೀರು. ಅದಕ್ಕೆ ಉಬ್ಬರಾನೂ ಇಲ್ಲ, ಇಳಿತಾನೂ ಇಲ್ಲ" ಎಂದ.

"ಕೋಪನ್‌ಹೇಗನ್ನಿಗೆ ನೀನು ಹೋಗೇ ಇಲ್ಲ!"

"ಟ್ರೋಂಡ್‌ಹೈಮಿಗೆ ಹೋಗಿದ್ದೆನಲ್ಲ, ಮದುವೆ ಬಟ್ಟೆ ತರೋಕೆ. ಅಷ್ಟೇ ಸಾಕಾಯ್ತು. ಎದುರಿಗೆ ಬಂದವರಿಗೆಲ್ಲ ನಮಸ್ಕಾರ ಹೇಳಿ ಹೇಳಿ ಮಧ್ಯಾಹ್ನದೊಳಗೆ ಗಂಟಲು ಕಟ್ಟಿಹೋಯ್ತು. ಒಬ್ಬರಾದ್ರೂ ತಿರುಗಿ ಹೇಳಿದ್ರಾ? ಕೇಳು ನಿಮ್ಮಮ್ಮನ್ನ."

"ಒಬ್ಬರು ಹೇಳಿದ್ರು," ಎಂದಳು ಟುರಿಡ್, ಆಲೂಗಡ್ಡೆಯ ಪಾತ್ರೆಯನ್ನು ಎತ್ತಿಕೊಳ್ಳುತ್ತ. "ಆಮೇಲೆ ದಾರಿ ಬಿಡಿ ಅಂದ್ರು."

ಎಲ್ಲರೂ ನಕ್ಕರು. ಅಂದು ಈಸ್ಟರ್ ಭಾನುವಾರ. ಮಗಳು, ಅಳಿಯ ಸಿಂದ್ರೆ ಮತ್ತು ಮಕ್ಕಳು ಹಬ್ಬಕ್ಕೆಂದು ಬೋಡೊ ಪಟ್ಟಣದಿಂದ ದ್ವೀಪಕ್ಕೆ ಬಂದಿದ್ದರು. ಬೇಸಿಗೆಯ ರಜೆಯನ್ನು ಈ ಸಲ ಎಲ್ಲರೂ ಒಟ್ಟಿಗೆ ಕಳೆಯಬೇಕು ಎಂಬುದು ಇಂಗ್‌ವಿಲ್‌ಳ ಹಟ. ಎಲ್ಲಿ ಎಂಬ ಮಾತು ಅವರು ದೋಣಿಯಿಂದ ಇಳಿದ ಗಳಿಗೆಯಿಂದ ನಡೆದೇ ಇತ್ತು. ದೊಡ್ಡ ಊರುಗಳೆಂದರೆ ಓಡ್‌ವಾರ್‌ನಿಗೆ ಆಗುವುದಿಲ್ಲ ಎನ್ನುವುದು ಹೊಸ ಸಂಗತಿಯೇನಲ್ಲ. ನಲವತ್ತು ವರ್ಷ ಟುರಿಡ್‌ಳೇ ಅವನ ಪರವಾಗಿ ಎಲ್ಲರಿಗೂ ಅದನ್ನು ಹೇಳಿಕೊಂಡು ಬಂದಿದ್ದಳು.

"ನಾನೊಂದು ಹೇಳ್ತೀನಿ," ಎಂದ ಓಡ್‌ವಾರ್. "ಎಲ್ಲರೂ ಲುಂಡ್‌ಹೋಲ್ಮ ನಡುಗಡ್ಡೆಗೆ ಹೋಗೋಣ. ನಮ್ಮಪ್ಪ ಕಟ್ಟಿದ ಮರದ ಮನೆ ಅಲ್ಲಿ ಹಾಗೇ ಇದೆ. ಮೊಟ್ಟೆ ಇಡೋ ಹಕ್ಕಿಗಳು, ಗಾಳ ಹಾಕಿದ್ರೆ ಮೀನು. ಒಂದು ವಾರ. ನನ್ನ ದೋಣೀಲಿ ನಾನೇ ಕರ್ಕೊಂಡು ಹೋಗ್ತೀನಿ."

ಮೊಮ್ಮಗಳು ತಿರಿಲ್ ಕುರ್ಚಿಯ ಮೇಲೆ ಎದ್ದು ನಿಂತಳು. "ಅಜ್ಜನ ದೋಣಿ! ಅಜ್ಜನ ದೋಣಿ!" ಅವಳ ಪುಟ್ಟ ತಮ್ಮ ಏನೂ ತಿಳಿಯದಿದ್ದರೂ ಚಮಚದಿಂದ ಮೇಜು ಬಡಿದ.

"ಹೋದ ವರ್ಷ ತಂದುಕೊಟ್ಟ ಜಿಪಿಎಸ್ ಹಾಕಿಸ್ಕೊಂಡ್ರಾ ಮಾವ?" ಎಂದು ಸಿಂದ್ರೆ ಕೇಳಿದ.

"ಹಾಕಿಸಿದೀನಿ. ಅದರ ಮೇಲೆ ನನ್ನ ಟೋಪಿ ಚೆನ್ನಾಗಿ ಕೂರುತ್ತೆ."

ಸಿಂದ್ರೆ ನಕ್ಕು, ಹೆಂಡತಿಯ ಮುಖವನ್ನೊಮ್ಮೆ ನೋಡಿ, ಲ್ಯಾಪ್‌ಟಾಪನ್ನು ಮೆಲ್ಲಗೆ ಮುಚ್ಚಿದ. "ಸರಿ ಬಿಡಿ, ನನಗೂ ಆ ಗದ್ದಲ ಅಷ್ಟಕ್ಕಷ್ಟೇ" ಎಂದ. ಕೋಪನ್‌ಹೇಗನ್ನಿನಲ್ಲಿ ಒಂದು ಸಂಗೀತ ಕಛೇರಿಗೆ ಹೋಗಬೇಕೆಂದು ಅವನು ಚಳಿಗಾಲದಿಂದಲೂ ಆಸೆ ಇಟ್ಟುಕೊಂಡಿದ್ದ ಎನ್ನುವುದು ಟುರಿಡ್‌ಗೆ ಗೊತ್ತಿತ್ತು. ಒಳ್ಳೆಯ ಹುಡುಗ ಎಂದುಕೊಂಡು ಅವನ ತಟ್ಟೆಗೆ ಇನ್ನೊಂದು ತುಂಡು ಮೀನು ಹಾಕಿದಳು.

ಅವಳು ಪಾತ್ರೆ ತೊಳೆಯುತ್ತಿದ್ದಾಗ ಹಿಂದೆ ಅಜ್ಜ ಮೊಮ್ಮಗಳ ಪಾಠ ಶುರುವಾಯಿತು. ಕಾಫಿಯ ಕೆಟಲು ಚರ್ಚಿನ ಗೋಪುರವಾಯಿತು. ಅದರ ಹಿಂದೆ ಬ್ರೆಡ್ಡಿನ ಗಟ್ಟಿ ಆಚೆ ದಡದ ಗುಡ್ಡವಾಯಿತು. ಗುಡ್ಡದ ನೆತ್ತಿಯಲ್ಲಿ ಒಂದು ಸೀಳಿದೆ. ಅದಕ್ಕಾಗಿ ಓಡ್‌ವಾರ್ ಬ್ರೆಡ್ಡಿನ ಮೇಲೆ ಚಾಕುವಿನಿಂದ ಕಚ್ಚು ಹಾಕಿದ. ಕಚ್ಚಿನ ಪಕ್ಕದ ಇಳಿಜಾರು ಗುಡ್ಡದ ಭುಜ. ಮುಂದೆ ಇಟ್ಟ ಕಿತ್ತಳೆ ಹಣ್ಣು ನೀರಿನಡಿಯ ಬಂಡೆ. ಆ ಬಂಡೆಗೆ ಜನ 'ಕರು' ಎನ್ನುತ್ತಾರೆ. ಅಲೆಯಿದ್ದ ದಿನ ಅದರ ಬಾಯಲ್ಲಿ ಹಾಲು ಕಕ್ಕಿದ ಹಾಗೆ ನೊರೆ ಏಳುತ್ತದೆ, ದೂರದಿಂದಲೇ ತಿಳಿಯುತ್ತದೆ. ಹೆದರಬೇಕಾದದ್ದು ಸಮುದ್ರ ಶಾಂತವಾಗಿರುವ ದಿನ.

"ಹೋಗ್ತಾ ಹೋಗ್ತಾ ಹಿಂದೆ ತಿರುಗಿ ನೋಡ್ತಾ ಇರಬೇಕು," ಎನ್ನುತ್ತಿದ್ದ ಓಡ್‌ವಾರ್. "ಗೋಪುರ ಗುಡ್ಡದ ಯಾವ ಜಾಗದ ಮೇಲೆ ಬರುತ್ತೆ ಅನ್ನೋದೇ ನಮ್ಮ ದಾರಿ. ನಮ್ಮಪ್ಪ ಹೇಳ್ಕೊಟ್ಟಿದ್ದು, ಅವರಪ್ಪ ಅವರಿಗೆ. ಹೇಳು ನನ್ನ ಹಿಂದೆ: ಸೀಳಿನೊಳಗೆ ಗೋಪುರ, ಮನೆಯಲ್ಲಿ ಊಟ. ಭುಜದ ಮೇಲೆ ಗೋಪುರ, ಕರುವಿಗೆ ಊಟ."

"ಸೀಳಿನೊಳಗೆ ಗೋಪುರ, ಮನೆಯಲ್ಲಿ ಊಟ," ಎಂದು ತಿರಿಲ್ ಹಾಡಿದಳು.

ಟುರಿಡ್‌ಳ ಕೈ ಸೋಪಿನ ನೀರಿನಲ್ಲಿ ಹಾಗೇ ನಿಂತಿತು.

ಅದು ತಿರುಗಾಮುರುಗಾ ಆಗಿತ್ತು. ಭುಜದ ಮೇಲೆ ಗೋಪುರ, ಮನೆಯಲ್ಲಿ ಊಟ. ಸೀಳಿನೊಳಗೆ ಬಿದ್ದರೆ ಕರುವಿಗೆ ಊಟ. ಮದುವೆಯಾಗಿ ಬಂದ ವರ್ಷ ಅವಳ ಮಾವ ತಮ್ಮ ಹುಟ್ಟುದೋಣಿಯಲ್ಲಿ ಅವಳನ್ನು ಸರಿಯಾಗಿ ಆ ಸೀಳಿನ ನೇರಕ್ಕೆ ಕರೆದೊಯ್ದು ಗಾಳ ಇಳಿಸಲು ಕಲಿಸಿದ್ದರು. ಬಂಡೆಯ ಸುತ್ತ ಮೀನು ಹೆಚ್ಚು. ಚಪ್ಪಟೆ ತಳದ ಸಣ್ಣ ದೋಣಿಗೆ, ಅದೂ ಹುಟ್ಟು ಹಾಕುತ್ತ ಹೋದರೆ, ಅಲ್ಲಿ ಭಯವಿಲ್ಲ. ಎಂಜಿನ್ ದೋಣಿಯ ತಳ ಒಡೆಯಲು ಮಾತ್ರ ಅದೇ ಜಾಗ ಸಾಕು. ಓಡ್‌ವಾರ್‌ನಿಗೆ ಇದು ನಡೆಯಲು ಕಲಿಯುವ ಮೊದಲೇ ಗೊತ್ತಿತ್ತು.

ಈಗ ನಗುತ್ತಾನೆ, ಸುಮ್ಮನೆ ತಮಾಷೆಗೆ ಅಂದೆ ಎನ್ನುತ್ತಾನೆ ಎಂದು ಅವಳು ಕಾದಳು. ಅವನು ನಗಲಿಲ್ಲ. ಕಿತ್ತಳೆ ಸುಲಿದು ಅರ್ಧ ಮೊಮ್ಮಗಳಿಗೆ ಕೊಟ್ಟ.

ಮರುದಿನ ಬೆಳಿಗ್ಗೆ ಎಲೆ ಅಲುಗುವಷ್ಟೂ ಗಾಳಿಯಿರಲಿಲ್ಲ. ಸಮುದ್ರ ಎಣ್ಣೆ ಸುರಿದಂತೆ ಮಲಗಿತ್ತು. ಕಡಲಹಕ್ಕಿಗಳು ಕೂಡ ಹಾರುವ ಗೋಜಿಗೆ ಹೋಗದೆ ಮೀನು ಒಣಗಿಸುವ ಚಪ್ಪರದ ಮೇಲೆ ಸುಮ್ಮನೆ ಕೂತಿದ್ದವು.

"ಲುಂಡ್‌ಹೋಲ್ಮದ ಮನೆ ಸೂರು ಗಾಳಿಗೆ ಉಳಿದಿದೆಯೋ ಇಲ್ಲವೋ, ಒಮ್ಮೆ ನೋಡ್ಕೊಂಡು ಬರೋಣ್ವಾ?" ಎಂದು ಟುರಿಡ್ ಗಂಡನನ್ನು ಕೇಳಿದಳು.

ಹೊರಡುವ ಹೊತ್ತಿಗೆ ತಿರಿಲ್ ಕಿತ್ತಳೆ ಬಣ್ಣದ ತೇಲುಜಾಕೆಟ್ಟು ತೊಟ್ಟು ಬಾಗಿಲಲ್ಲಿ ನಿಂತಿದ್ದಳು. ಬಕಲುಗಳನ್ನು ತಾನೇ ಹಾಕಿಕೊಂಡಿದ್ದಳು, ಒಂದು ತಪ್ಪಾಗಿ.

"ನೀನು ಬೇಡ," ಎಂದಳು ಟುರಿಡ್.

"ಬರಲಿ ಬಿಡು, ದಾರಿ ತೋರಿಸ್ತೀನಿ ಅಂತ ಮಾತು ಕೊಟ್ಟಿದೀನಿ," ಎಂದ ಓಡ್‌ವಾರ್.

"ಬೇಡ ಅಂದೆನಲ್ಲ." ಅವಳ ದನಿ ಅವಳಿಗೇ ಗಡುಸಾಗಿ ಕೇಳಿಸಿತು. ಒಳಗಿನಿಂದ ಇಂಗ್‌ವಿಲ್, "ಏನಮ್ಮ ನೀನು, ಬೆಳಿಗ್ಗೆ ಬೆಳಿಗ್ಗೆ!" ಎಂದದ್ದು ಕೇಳಿಸಿದರೂ ಟುರಿಡ್ ತಿರುಗಿ ನೋಡದೆ ಮೆಟ್ಟಿಲಿಳಿದಳು.

ದೋಣಿ ಕಟ್ಟುವ ದಕ್ಕೆಯಲ್ಲಿ ಪಕ್ಕದ ಮನೆಯ ಎಡ್‌ಮುಂಡ್ ಬಲೆಯ ಗಂಟು ಬಿಡಿಸುತ್ತ ಕೂತಿದ್ದ. ಇವರು ಹಗ್ಗ ಬಿಚ್ಚುವುದನ್ನು ಕಂಡು ಬಲೆಯನ್ನು ಬದಿಗಿಟ್ಟು ತನ್ನ ದೋಣಿಯ ಕಡೆ ನಡೆದ.

"ನೀನೆಲ್ಲಿಗಯ್ಯಾ, ಹಬ್ಬದ ದಿನ?" ಎಂದು ಓಡ್‌ವಾರ್ ಕೂಗಿದ.

"ಏಡಿ ಬುಟ್ಟಿ ನೋಡ್ಬೇಕು!"

ಏಡಿಯ ಕಾಲ ಬರುವುದು ಬೇಸಿಗೆ ಕಳೆದ ಮೇಲೆ. ಈ ದ್ವೀಪದಲ್ಲಿ ಹಾಲುಹಲ್ಲಿನ ಮಕ್ಕಳಿಗೂ ಅದು ಗೊತ್ತು. ಟುರಿಡ್ ಗಂಡನ ಮುಖ ನೋಡಿದಳು. ಅವನು "ಒಳ್ಳೇದಾಗಲಿ" ಎಂದು ಕೈಬೀಸಿದ. ಅವಳು ಎಡ್‌ಮುಂಡನ ಕಡೆ ನೋಡಿದಳು. ಅವನು ಕಣ್ಣು ತಪ್ಪಿಸಿ ಎಂಜಿನ್ನಿನ ಮೇಲೆ ಬಾಗಿದ. ಆಗ ಅವಳಿಗೆ ನೆನಪಾಯಿತು: ಈ ಚಳಿಗಾಲದಲ್ಲಿ ಓಡ್‌ವಾರ್ ಕಡಲಿಗೆ ಹೋದ ದಿನಗಳಲ್ಲೆಲ್ಲ ಎಡ್‌ಮುಂಡನ ದೋಣಿಯೂ ದಕ್ಕೆಯಲ್ಲಿ ಇರುತ್ತಿರಲಿಲ್ಲ. ಒಮ್ಮೆ ಇಬ್ಬರೂ ಒಟ್ಟಿಗೆ ಹೊತ್ತು ಮೀರಿ ಬಂದಾಗ, ಮಂಜು ಮುಸುಕಿತ್ತು ಎಂದು ಎಡ್‌ಮುಂಡನೇ ಮುಂದಾಗಿ ಹೇಳಿದ್ದ. ಆ ದಿನ ಅವಳು ಹೊರಗೆ ಹಾಕಿದ ಹಾಸಿಗೆಬಟ್ಟೆಗಳು ಮಧ್ಯಾಹ್ನಕ್ಕೇ ಗರಿಗರಿಯಾಗಿ ಒಣಗಿದ್ದವು.

ದೋಣಿ ಹೊರಟಿತು. ಓಡ್‌ವಾರ್ ಚುಕ್ಕಾಣಿ ಹಿಡಿದು, ಆಗಾಗ ಹೆಗಲ ಮೇಲಿಂದ ಹಿಂದೆ ನೋಡುತ್ತ, ಸಣ್ಣಗೆ ಸಿಳ್ಳೆ ಹಾಕುತ್ತಿದ್ದ. ಅವನ ಎಡಕ್ಕೆ ಜಿಪಿಎಸ್ಸಿನ ಮೇಲೆ ಟೋಪಿ. ಟುರಿಡ್ ಹಿಂಬದಿಯ ಹಲಗೆಯ ಮೇಲೆ ದಡಕ್ಕೆ ಮುಖ ಮಾಡಿ ಕೂತಳು. ಚರ್ಚಿನ ಬಿಳಿಯ ಗೋಪುರ ಗುಡ್ಡದ ಉತ್ತರದ ಭುಜದ ಮೇಲೆ ನೆಟ್ಟಗೆ ನಿಂತಿತ್ತು. ಅಲ್ಲೇ ಇರು ಎಂದು ಮನಸ್ಸಿನಲ್ಲೇ ಅಂದುಕೊಂಡಳು. ಅಲ್ಲೇ ಇರು.

ಓಡ್‌ವಾರ್ ಹಿಂತಿರುಗಿ ನೋಡಿದ, ಸಿಳ್ಳೆ ನಿಲ್ಲಿಸಿದ, ಚುಕ್ಕಾಣಿಯನ್ನು ಒಂಚೂರು ತಿರುಗಿಸಿದ. ಗೋಪುರ ಭುಜದ ಮೇಲಿಂದ ಜಾರತೊಡಗಿತು.

ಕೂಗಬಹುದಿತ್ತು. ತಪ್ಪು ಓಡ್‌ವಾರ್, ತಪ್ಪು ಎನ್ನಬಹುದಿತ್ತು. ಐವತ್ತು ವರ್ಷ ಈ ನೀರಿನಲ್ಲಿ ಯಾರೂ ಅವನಿಗೆ ಆ ಮಾತು ಹೇಳಿರಲಿಲ್ಲ. ಗೋಪುರ ಸೀಳಿನ ಅಂಚಿಗೆ ಬಂತು. ಮುಂದೆ ನೀರು ಕನ್ನಡಿಯ ಹಾಗೆ ನುಣ್ಣಗಿತ್ತು, ಒಂದು ಗುಳ್ಳೆಯೂ ಇರಲಿಲ್ಲ. ದೂರದಲ್ಲಿ ಎಡ್‌ಮುಂಡನ ದೋಣಿ ಒಮ್ಮೆಲೇ ವೇಗ ಹೆಚ್ಚಿಸಿ ಇವರ ಕಡೆ ಬರುವುದು ಕಂಡಿತು.

"ಓಡ್‌ವಾರ್," ಎಂದಳು ಟುರಿಡ್, ಆದಷ್ಟು ಸಹಜವಾಗಿ. "ನಿಲ್ಲಿಸು ಸ್ವಲ್ಪ. ಇಲ್ಲೇ ಗಾಳ ಹಾಕೋಣ, ಮಾವ ಹಾಕ್ತಿದ್ರಲ್ಲ."

ಅವನು ಎಂಜಿನ್ನನ್ನು ತಗ್ಗಿಸಿ ನಿಲ್ಲಿಸಿದ. ದೋಣಿ ತನ್ನ ಪಾಡಿಗೆ ತಾನು ಮುಂದೆ ತೇಲಿತು. ತಳಕ್ಕೆ ಏನೋ ಸವರಿದ ಸದ್ದು, ಒದ್ದೆ ಕೈ ಮರವನ್ನು ತಡವಿದಂತೆ. ಇಬ್ಬರೂ ಅಂಚಿನಿಂದ ಕೆಳಗೆ ನೋಡಿದರು. ಕಂದುಬಣ್ಣದ ಕಡಲಪಾಚಿಯ ಉದ್ದುದ್ದ ಎಲೆಗಳು ದೋಣಿಯ ಕೆಳಗಿನಿಂದ ನಿಧಾನವಾಗಿ ಈಚೆಗೆ ತೂಗಾಡಿ ಬರುತ್ತಿದ್ದವು. ಅವುಗಳ ನಡುವೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ, ಕರುವಿನ ಬೆನ್ನು.

ಓಡ್‌ವಾರ್ ಗೋಪುರವನ್ನು ನೋಡಿದ. ಗುಡ್ಡವನ್ನು ನೋಡಿದ. ಮತ್ತೆ ನೀರನ್ನು ನೋಡಿದ. ಅವನ ತುಟಿಗಳು ಅಲುಗಿದವು. ಮಾತು ಹೊರಗೆ ಬರದಿದ್ದರೂ ಅದು ಆ ಹಳೆಯ ಸಾಲೇ ಎಂದು ಅವಳಿಗೆ ತಿಳಿಯಿತು. ಒಮ್ಮೆ ಹೀಗೆ, ಒಮ್ಮೆ ಹಾಗೆ ಹೇಳಿ ನೋಡುತ್ತಿದ್ದ. ಯಾವುದು ಸರಿ ಎಂದು ಗೊತ್ತಾಗದವನ ಹಾಗೆ.

"ಗಾಳ ತಂದಿಲ್ಲ ನಾವು," ಎಂದ.

"ಹೌದಲ್ಲ. ನಾನೇ ಮರೆತೆ."

"ನೀನು ಮರೆತೆಯಾ?"

"ನಾನೇ. ವಯಸ್ಸಾಯ್ತು ನೋಡು. ಚಳಿಯೂ ಆಗ್ತಿದೆ, ವಾಪಸ್ ಹೋಗೋಣ."

ಅವನು ಉದ್ದನೆಯ ಕೋಲು ಎತ್ತಿಕೊಂಡು ಬಂಡೆಯಿಂದ ದೋಣಿಯನ್ನು ಮೆಲ್ಲಗೆ ಹಿಂದಕ್ಕೆ ತಳ್ಳಿದ. ಎಡ್‌ಮುಂಡ್ ಅಷ್ಟು ದೂರದಲ್ಲಿ ಎಂಜಿನ್ ನಿಲ್ಲಿಸಿ, ಇಲ್ಲದ ಏಡಿ ಬುಟ್ಟಿಯನ್ನು ಹುಡುಕುವವನಂತೆ ನೀರಿನ ಮೇಲೆ ಬಾಗಿಕೊಂಡಿದ್ದ. ಓಡ್‌ವಾರ್ ಒಮ್ಮೆ ಅವನ ಕಡೆ ದಿಟ್ಟಿಸಿ ನೋಡಿದ. ದಕ್ಕೆ ಮುಟ್ಟುವವರೆಗೂ ಸಿಳ್ಳೆ ಹಾಕಲಿಲ್ಲ. ಎಂಜಿನ್ ಮಾತ್ರ ಹೊಸ ಗಡಿಯಾರದ ಹಾಗೆ ಟಕಟಕ ನಡೆಯಿತು.

ಮಧ್ಯಾಹ್ನ ಕಾಫಿಯ ಹೊತ್ತಿಗೆ ಎಲ್ಲರೂ ಮೇಜಿನ ಸುತ್ತ ಕೂತಿದ್ದರು. ತಿರಿಲ್ ಅಜ್ಜಿಯ ಪಕ್ಕದ ಕುರ್ಚಿ ಬಿಟ್ಟು ಆಚೆ ಹೋಗಿ ಕೂತಿದ್ದಳು. ಟುರಿಡ್ ಬಿಸಿ ವಾಫಲ್‌ಗಳ ತಟ್ಟೆಯನ್ನು ನಡುವೆ ಇಟ್ಟು, ಕೂರದೆ ನಿಂತೇ ಹೇಳಿದಳು: "ಇಂಗ್‌ವಿಲ್, ಆ ಹೋಟೆಲು ಇನ್ನೂ ಸಿಗುತ್ತಾ ನೋಡು. ನಾನು ಯೋಚನೆ ಮಾಡಿದೆ. ನನಗೆ ಕೋಪನ್‌ಹೇಗನ್ನಿಗೇ ಹೋಗ್ಬೇಕು."

"ಏನು?"

"ಲುಂಡ್‌ಹೋಲ್ಮದಲ್ಲಿ ನೀರು ಹೊತ್ತು, ಒಲೆ ಊದಿ, ಎಲ್ಲರಿಗೂ ಬೇಯಿಸಿ ಹಾಕೋದು ಯಾರು? ನಾನೇ ತಾನೆ? ನನಗೂ ರಜೆ ಬೇಡ್ವಾ?"

ಇಂಗ್‌ವಿಲ್ ಕಪ್ಪನ್ನು ಕೆಳಗಿಟ್ಟಳು. "ನಿನ್ನೆ ಇದನ್ನ ಹೇಳೋಕೆ ಬಾಯಿರಲಿಲ್ವಾ ಅಮ್ಮ? ಅಪ್ಪ ಎಷ್ಟು ಖುಷಿಯಾಗಿದ್ದ. ಮಕ್ಕಳಿಗೆ ಆಸೆ ತೋರಿಸಿ ಈಗ... ಅಪ್ಪನಿಗೆ ದೊಡ್ಡ ಊರು ಆಗಲ್ಲ ಅಂತ ಊರಿಗೆಲ್ಲ ಹೇಳ್ಕೊಂಡು ಬಂದವಳು ನೀನೇ!"

"ಈಗ ನನ್ನ ಸರದಿ ಅಂತ ಇಟ್ಕೋ."

"ಅಜ್ಜಿ ಕೆಟ್ಟವಳು," ಎಂದಳು ತಿರಿಲ್. ಯಾರೂ ಅವಳನ್ನು ಗದರಲಿಲ್ಲ.

ಟುರಿಡ್ ಜ್ಯಾಮಿನ ಬಟ್ಟಲನ್ನು ಸುಮ್ಮನೆ ಆ ಕಡೆಯಿಂದ ಈ ಕಡೆಗೆ ಸರಿಸಿದಳು. ಹೇಳಬೇಕಾದ ದಿನ ಬರುತ್ತದೆ, ಮಗಳಿಗೂ, ವೈದ್ಯರಿಗೂ. ಮೊಮ್ಮಗಳ ಎದುರಿಗೆ ಮಾತ್ರ ಬೇಡ. ದೊಡ್ಡ ಊರಿನಲ್ಲಿ ದಾರಿ ತಪ್ಪಿದರೆ ಯಾರೋ ಒಬ್ಬರು ಕೈಹಿಡಿದು ತಂದು ಬಿಡುತ್ತಾರೆ. ಅವನು ಬೈಯಲಿ, ಮುನಿಸಿಕೊಳ್ಳಲಿ, ಬರುವುದಿಲ್ಲ ಎಂದು ಮೇಜು ಗುದ್ದಲಿ. ಅದಕ್ಕೆಲ್ಲ ಉತ್ತರವನ್ನು ಅವಳು ಬೆಳಗಿನಿಂದ ಸಿದ್ಧಮಾಡಿಕೊಂಡಿದ್ದಳು.

"ಅಮ್ಮನ್ನ ಬೈಬೇಡ," ಎಂದ ಓಡ್‌ವಾರ್. "ನನಗೂ ಆ ಊರು ನೋಡ್ಬೇಕು ಅನ್ನಿಸ್ತಿದೆ."

ಸಿಂದ್ರೆಯ ಕೈಯಲ್ಲಿದ್ದ ಚಮಚ ಅರ್ಧದಲ್ಲೇ ನಿಂತಿತು. ಇಂಗ್‌ವಿಲ್ ನಗಲು ನೋಡಿದಳು. ಅಪ್ಪನ ಮುಖದಲ್ಲಿ ನಗುವಿನ ಗುರುತಿರಲಿಲ್ಲ. ಬೈಗುಳಕ್ಕೆ ಸಿದ್ಧಳಾಗಿದ್ದ ಟುರಿಡ್ ಈ ಒಪ್ಪಿಗೆ ಕೇಳಿ ಕುರ್ಚಿ ಎಳೆದುಕೊಂಡು ಕೂತಳು.

"ಹಾಗಾದ್ರೆ ದೋಣಿ?" ಎಂದು ತಿರಿಲ್ ಅಳುದನಿಯಲ್ಲಿ ಕೇಳಿದಳು. "ದಕ್ಕೆ ಸುತ್ತ ಒಂದೇ ಒಂದು ಸುತ್ತು ಅಜ್ಜ. ಇವತ್ತೇ."

"ಎಂಜಿನ್ ಸರಿಯಿಲ್ಲ ಪುಟ್ಟಿ," ಎಂದ ಓಡ್‌ವಾರ್. "ಬೆಳಿಗ್ಗೆ ಗೊತ್ತಾಯ್ತು. ಅಜ್ಜಿ ಬೇಡ ಅಂದಿದ್ದೇ ಒಳ್ಳೇದಾಯ್ತು." ಅವನು ಹೆಂಡತಿಯ ಕಡೆ ನೋಡಲಿಲ್ಲ. ವಾಫಲ್ ಒಂದನ್ನು ಎತ್ತಿ, ಜ್ಯಾಮು ಸವರಿ, ಮಡಿಸಿ, ಅದನ್ನು ಅವಳ ತಟ್ಟೆಯಲ್ಲಿಟ್ಟ. ಆಮೇಲೆ ಎದ್ದು ಕೋಟು ಹಾಕಿಕೊಂಡು ಹೊರಗೆ ಹೋದ.

ಟುರಿಡ್ ಎದ್ದು ಬಾಗಿಲ ಪಕ್ಕದ ಕಿಟಕಿಗೆ ಬಂದಳು. ಅವನು ದಕ್ಕೆಯತ್ತ ಇಳಿದು ಹೋಗುತ್ತಿದ್ದ. ದೋಣಿಗೆ ಹತ್ತಿದಾಗ ಅವಳ ಕೈ ತಾನಾಗಿ ಬಾಗಿಲ ಚಿಲಕದ ಕಡೆ ಹೋಯಿತು. ಎಂಜಿನ್ನಿನ ಸದ್ದು ಕೇಳಿಸಲಿಲ್ಲ. ಅವನು ಒಳಗಿನಿಂದ ಚಳಿಗಾಲದ ತಾಡಪಾಲನ್ನು ಹೊರಗೆಳೆದು ಹರವುತ್ತಿದ್ದ. ಬಿರುಗಾಳಿಯ ತಿಂಗಳುಗಳಲ್ಲಿ ಕಟ್ಟುವ ದಪ್ಪ ಹಗ್ಗಗಳನ್ನು ಒಂದೊಂದಾಗಿ ದಕ್ಕೆಯ ಗೂಟಗಳಿಗೆ ಸುತ್ತಿ ಬಿಗಿಯುತ್ತಿದ್ದ. ಬೆರಳುಗಳಿಗೆ ಗಂಟು ಹಾಕುವುದು ಮರೆತಿರಲಿಲ್ಲ. ಒಂದು ಹಗ್ಗ ಸಾಕಾಗುವ ಕಡೆ ಎರಡು, ಎರಡರ ಮೇಲೆ ಮತ್ತೊಂದು.

ಎಡ್‌ಮುಂಡ್ ತನ್ನ ಬಲೆ ಬಿಟ್ಟು ಎದ್ದು ಬಂದ. ತಾಡಪಾಲಿನ ಇನ್ನೊಂದು ತುದಿಯನ್ನು ಎತ್ತಿ ಹಿಡಿದು ನಿಂತ. ಇಬ್ಬರ ಬೆನ್ನ ಹಿಂದೆ ಏಪ್ರಿಲ್ ತಿಂಗಳ ಸಮುದ್ರ, ಒಂದು ಅಲೆಯೂ ಇಲ್ಲದೆ, ಕಣ್ಣು ಮುಟ್ಟುವವರೆಗೂ ಬಿಸಿಲಿನಲ್ಲಿ ಹೊಳೆಯುತ್ತಿತ್ತು.