ನೆಲದಡಿಯ ಜಾಗ

“ನಮ್ಮ ಲಿಂಗಾಯತರೊಳಗ ಸೂತಕ ಎಲ್ಲೈತಿ? ಏಳು, ಕಣಕ ನಾದು. ಹನ್ನೆರಡಕ್ಕ ಮಂದಿ ಬರ್ತಾರ,” ಎಂದಳು ಕಮಲವ್ವ.

ಜಯದೇವಿ ಎದ್ದಳು. ಗಂಡ ಶಿವಪುತ್ರಪ್ಪ ತೋಟದ ಕೆಲಸಕ್ಕೆಂದು, ಅವಳು ಅಡುಗೆಗೆಂದು ಗದಗಿನಿಂದ ಅಮೆರಿಕದ ಫುಲ್‌ಶೀರ್‌ನ ಈ ಮನೆಗೆ ಬಂದು ಮೂರು ವರ್ಷ. ಬಿಸಿಲಿನಲ್ಲಿ ಅಗೆಯುತ್ತಲೇ ಬಿದ್ದು ಸತ್ತ ಅವನನ್ನು ನಿನ್ನೆ ಸುಟ್ಟು ಬಂದಿದ್ದರು.

“ನಮ್ಮೋರ್ನ ಮಣ್ಣಾಗ ಕುಂದ್ರಸ್ತಾರ. ಸುಟ್ಟಿದ್ಯಾಕ್ರಿ ಅಕ್ಕಾರ?”

“ಇಲ್ಲಿ ಮಣ್ಣು ನಿಮ್ಮಪ್ಪಂದೇನ?”

“ಪಾಸ್‌ಪೋರ್ಟರ ಕೊಡ್ರಿ. ಊರಿಗೆ ಹೋಗ್ತೇನಿ.”

“ಲಾಕರ್‌ನ್ಯಾಗ ಐತಿ, ಯಾರೂ ತಿಂದಿಲ್ಲ. ಹೂರಣ ಹತ್ತೀತು, ನೋಡು.”

ಮಧ್ಯಾಹ್ನ ಬಂದವರು ಗೋಡೆಯಾಚೆಯ ಹಳೆಯ ಮರದ ಮನೆಯನ್ನು ಉಳಿಸುವ ಸಮಿತಿಯವರು. ಕಮಲವ್ವನ ಗಂಡ ಚನ್ನವೀರಪ್ಪ ಅದರ ಅಧ್ಯಕ್ಷ. ಹತ್ತಿಹೊಲಗಳಿಂದ ತಪ್ಪಿಸಿಕೊಂಡು ಬಂದ ಗುಲಾಮರನ್ನು ಒಂದು ಕಾಲಕ್ಕೆ ಆ ಮನೆಯ ನೆಲದಡಿ ಅಡಗಿಸಿಟ್ಟು, ಮೆಕ್ಸಿಕೋದ ದಾರಿ ಹಿಡಿಸುತ್ತಿದ್ದರಂತೆ. ಅದನ್ನೇ ಇಂಗ್ಲಿಷಿನಲ್ಲಿ ಹೇಳುತ್ತ ಚನ್ನವೀರಪ್ಪ ಕಣ್ಣೊರೆಸಿಕೊಂಡ.

ಹೋಳಿಗೆ ತಟ್ಟೆ ಹಿಡಿದು ಬಂದ ಜಯದೇವಿಯ ರಟ್ಟೆಯನ್ನು ಕಮಲವ್ವ ಬಾಗಿಲಲ್ಲೇ ಹಿಡಿದಳು.

“ಬೋಳ ಹಣಿ ಇಟಗೊಂಡು ಎಲ್ಲಿ ಹೊಂಟಿ? ಒಳಗಿರು.”

“ಸೂತಕ ಇಲ್ಲಂದ್ರಲ್ರಿ.”

“ಕೆಲಸಕ್ಕ ಇಲ್ಲ. ಬಾಯಿ ಮುಚ್ಚು, ರಂಡಿ.”

ತಟ್ಟೆ ಕಸಿದುಕೊಂಡು ತಾನೇ ಒಯ್ದಳು. ಪಡಸಾಲೆಯಲ್ಲಿ ಬಂದವರು ಹೋಳಿಗೆಯನ್ನು ಹೊಗಳುವುದು ಕೇಳಿಸಿತು.

ಆ ಹಳೆಯ ಮನೆಯ ಒಡತಿ ಓಪಲ್ ಎಂಬ ಕಪ್ಪು ಮುದುಕಿ. ಶಿವಪುತ್ರಪ್ಪ ಅವಳನ್ನು ಆಯಿ ಎನ್ನುತ್ತಿದ್ದ. “ನನಗೇನರ ಆದ್ರ ಸೀದಾ ಆಯಿ ಕಡೆ ಹೋಗು. ಯಾರನ್ನೂ ಹಿಡದು ಕೊಟ್ಟ ವಂಶ ಅಲ್ಲ ಆಕಿದು,” ಎಂದಿದ್ದ.

ಅವನು ಅವಳಿಂದ ಎರವಲು ತಂದಿದ್ದ ಸಲಿಕೆ ಹಿತ್ತಿಲಲ್ಲಿ ಬಿದ್ದಿತ್ತು. ಅದನ್ನೆತ್ತಿಕೊಂಡು ಜಯದೇವಿ ಹಿಂದಿನ ಗೇಟು ದಾಟಿದಳು.

ಮನೆ ನೆಲದ ಮೇಲಿರಲಿಲ್ಲ. ಮ್ಯೂಸಿಯಂ ಮಾಡಲು ಪೇಟೆಯ ಪಾರ್ಕಿಗೆ ಒಯ್ಯಬೇಕೆಂದು ಇಡಿಯಾಗಿ ಎತ್ತಿ ಉದ್ದನೆಯ ಟ್ರಕ್ಕಿನ ಮೇಲೆ ಕಟ್ಟಿದ್ದರು. ಗೋಡೆಗೆ ಚನ್ನವೀರಪ್ಪನ ಫೋಟೋ ಇದ್ದ ಬ್ಯಾನರ್. ಮನೆ ಇದ್ದಲ್ಲಿ ಆಳೆತ್ತರದ ಗುಂಡಿಯೊಂದು ಬಿಸಿಲಿಗೆ ಬಾಯ್ದೆರೆದುಕೊಂಡಿತ್ತು.

ಇನ್ನು ಮಗಳ ಮನೆಯಲ್ಲೇ ಇರಲು ಆಯಿ ಅವಳ ಕಾರಿನಲ್ಲಿ ಕುಳಿತು ದೂರದ ಡಾಲಸ್‌ಗೆ ಹೊರಟಿದ್ದಳು. ಸಲಿಕೆ ಕಂಡು ಇಳಿದು ಬಂದಳು.

“ಶಿವಾ?” ಎಂದು ಕೇಳಿದಳು.

ಜಯದೇವಿ ಇಲ್ಲವೆಂದು ತಲೆಯಾಡಿಸಿದಳು. “ನನ್ನ ಎಲ್ಲ್ಯರ ಇಟಗೋ, ಆಯಿ. ಎಲ್ಲ್ಯರ.”

ಆಯಿಗೆ ಕನ್ನಡ ಬಾರದು. ಸಲಿಕೆ ಹಿಂದಿರುಗಿಸಲು ಬಂದಿದ್ದಾಳೆಂದುಕೊಂಡು ಅದರ ಹಿಡಿಕೆಗೆ ಕೈಹಾಕಿ ಎಳೆದಳು. ಜಯದೇವಿಯ ಬೆರಳು ಸಡಿಲಲಿಲ್ಲ. ಗೋಡೆಯಾಚೆಯಿಂದ ಕಮಲವ್ವನ ದನಿ ಬಂತು: “ಏ ಜಯವ್ವಾ, ಭಾಂಡೆ ತಿಕ್ಕಾಕ ಬಿದ್ದಾವು.” ಕಾರಿನಲ್ಲಿ ಮಗಳು ಹಾರ್ನ್ ಒತ್ತಿದಳು.

ಆಯಿ ಮೆಲ್ಲಗೆ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಸಲಿಕೆಯನ್ನು ತೆಗೆದುಕೊಂಡಳು.