ಅವಳ ಅಳತೆಗೆ ಕಟ್ಟಿದ ಟ್ರಕ್ಕು

ಹಾಲ್ವರ್ ಟ್ವೇಟ್ ವೆಲ್ಡಿಂಗ್ ಮುಖವಾಡವನ್ನು ಹಣೆಯ ಮೇಲಕ್ಕೆ ಸರಿಸಿ ಹೊರಗೆ ನೋಡಿದ. ಅಂಗಳಕ್ಕೆ ಬಂದು ನಿಂತ ಹಳೆಯ ಪಿಕಪ್ ಟ್ರಕ್ಕಿನಿಂದ ಇಳಿಯುತ್ತಿದ್ದವಳು ರೋವೆನಾ. ಅವಳನ್ನು ಕಂಡು ಇಪ್ಪತ್ತೊಂಬತ್ತು ವರ್ಷವಾಗಿತ್ತು. ಕೂದಲು ನರೆತಿತ್ತು, ನಡು ಕೊಂಚ ಬಾಗಿತ್ತು. ಆದರೆ ಗಾಡಿಯ ಬಾಗಿಲನ್ನು ಸೊಂಟದಿಂದ ದಬ್ಬಿ ಮುಚ್ಚುವ ಆ ರೀತಿ ಹಾಗೇ ಇತ್ತು.

"ಬದುಕಿದೀಯಾ ಮಾರಾಯ? ದಾರಿ ಉದ್ದಕ್ಕೂ ಲಾಳ ಉದುರಿಸ್ಕೊಂಡು ಬಂದಿದೀನಿ ನೋಡು," ಎಂದಳು ಅವಳು. "ಹಿಂದಿನ ತೊಟ್ಟಿ ತುಕ್ಕು ಹಿಡಿದು ಜರಡಿ ಆಗಿದೆ. ಕಿತ್ತು ಬಿಸಾಕಿ ಹೊಸದು ಕಟ್ಟಿಕೊಡು."

ಮೊಂಟಾನಾದ ಆ ಸೀಮೆಯಲ್ಲಿ ಹಾಲ್ವರ್ ಕಟ್ಟಿದ ಹಾಸು ಇಲ್ಲದ ಟ್ರಕ್ಕು ಸಿಗುವುದು ಕಷ್ಟ. ಕಾರ್ಖಾನೆಯವರು ಕೊಟ್ಟ ತೊಟ್ಟಿಯನ್ನು ತೆಗೆದು, ಚಾಸಿಯ ಮೇಲೆ ಚಪ್ಪಟೆಯಾದ ಕಬ್ಬಿಣದ ಹಾಸು ಕೂರಿಸಿ, ಅದರ ಅಕ್ಕಪಕ್ಕ ಅವರವರ ಕಸುಬಿಗೆ ಬೇಕಾದ ಪೆಟ್ಟಿಗೆಗಳನ್ನು ಬೆಸೆದು ಕೊಡುವುದು ಅವನ ಕೆಲಸ. ದನ ಸಾಕುವವರಿಗೆ, ಬೇಲಿ ಹಾಕುವವರಿಗೆ, ಪಶುವೈದ್ಯರಿಗೆ ಎಲ್ಲರಿಗೂ ಕಟ್ಟಿದ್ದಾನೆ. ಲಾಳ ಹೊಡೆಯುವವರಿಗೆ ಮಾತ್ರ ಇದೇ ಮೊದಲು.

ಅವನಿಗೆ ಇಪ್ಪತ್ತೈದು ತುಂಬಿದ್ದ ಬೇಸಿಗೆಯಲ್ಲಿ ಇಬ್ಬರೂ ದನ, ಕುದುರೆ ಸಾಕುವ ಒಂದೇ ರ್‍ಯಾಂಚಿನಲ್ಲಿ ಕೆಲಸಕ್ಕಿದ್ದರು. ಅವನು ಗೇಟುಗಳನ್ನು ರಿಪೇರಿ ಮಾಡುತ್ತಿದ್ದ, ಅವಳು ಅಪ್ಪನ ಜೊತೆ ಕುದುರೆಗಳಿಗೆ ಲಾಳ ಕಟ್ಟುತ್ತಿದ್ದಳು. ಒಂದೇ ಮೇಜಿನಲ್ಲಿ ಊಟ, ಶನಿವಾರ ಊರಿನ ಸಭಾಂಗಣದಲ್ಲಿ ಕುಣಿತ. ಕೇಳಬೇಕೆಂದುಕೊಂಡ ಮಾತನ್ನು ಅವನು ಮುಂದಿನ ಶನಿವಾರಕ್ಕೆ, ಅದರ ಮುಂದಿನದಕ್ಕೆ ಎಂದು ತಳ್ಳುತ್ತಲೇ ಹೋದ. ಎಲೆ ಉದುರುವ ಹೊತ್ತಿಗೆ ಪಂದ್ಯಗಳಲ್ಲಿ ಪುಂಡ ಕುದುರೆ ಏರುವ ನೆವಾಡಾದ ರೋಡಿಯೊ ಸವಾರನೊಬ್ಬ ಬಂದ, ಅವಳು ಅವನ ಜೊತೆ ಹೊರಟುಹೋದಳು. ಆ ಮದುವೆ ಮುರಿದು ಎರಡು ವರ್ಷವಾಯಿತೆಂದು, ಈಗ ಊರಿಗೆ ಮರಳಿ ತನ್ನ ಕಸುಬು ಹಿಡಿದಿದ್ದಾಳೆಂದು ಅವನ ಅಕ್ಕ ಸಿಗ್ರಿಡ್ ಹೇಳಿದ್ದಳು. ಅಂಗಡಿಯ ಕಾಗದಪತ್ರ ನೋಡಿಕೊಳ್ಳುವವಳು ಅವಳೇ. ಊರಿನ ಸುದ್ದಿ ಯಾವುದೂ ಅವಳನ್ನು ದಾಟಿ ಹೋಗುವುದಿಲ್ಲ.

"ಏನೇನು ಬೇಕು ಹೇಳು," ಎಂದ ಹಾಲ್ವರ್. ಪೆನ್ಸಿಲ್ ಹುಡುಕುವ ನೆಪದಲ್ಲಿ ಮುಖ ತಿರುಗಿಸಿಕೊಂಡ.

"ಬಗ್ಗೋದು ಬೇಡ. ಅಷ್ಟೇ. ಮೂವತ್ತು ವರ್ಷ ಕುದುರೆ ಹೊಟ್ಟೆ ಕೆಳಗೆ ಬಗ್ಗಿ ಬಗ್ಗಿ ಸಾಕಾಗಿದೆ. ಸಾಮಾನು ತಗೊಳ್ಳೋಕೂ ಬಗ್ಗಬೇಕಾ?"

ಅಳತೆ ತೆಗೆಯಬೇಕಾಯಿತು. ಟ್ರಕ್ಕಿನದಲ್ಲ, ಅವಳದು. ಅವನು ನೆಲಕ್ಕೆ ಮಂಡಿಯೂರಿ ಟೇಪಿನ ತುದಿಯನ್ನು ಅವಳ ಬೂಟಿನ ಪಕ್ಕ ಒತ್ತಿ ಹಿಡಿದ. ನೆಲದಿಂದ ಸೊಂಟಕ್ಕೆ, ಸೊಂಟದಿಂದ ಮೊಣಕೈಗೆ, ಆಮೇಲೆ ಚಾಚಿದ ತೋಳಿನ ಉದ್ದಕ್ಕೆ. ಮುಂಗೈಯಲ್ಲಿ ಯಾವುದೋ ಕುದುರೆ ಒದ್ದ ಹಳೆಯ ಗಾಯದ ಗೆರೆಯಿತ್ತು. ಅವಳ ಮೈಯಿಂದ ಸುಟ್ಟ ಗೊರಸಿನ ವಾಸನೆ ಬರುತ್ತಿತ್ತು. ಟೇಪು ಎರಡು ಸಲ ಅವನ ಕೈಜಾರಿ ಸರ್ರನೆ ಒಳಗೆ ಸುತ್ತಿಕೊಂಡಿತು.

"ದರ್ಜಿ ಆಗೋದು ನಿನ್ನ ಹಣೇಲಿಲ್ಲ ಬಿಡು," ಎಂದು ನಕ್ಕಳು ರೋವೆನಾ.

ಎಡಗಡೆ ಲಾಳಗಳಿಗೆ ಅಳತೆವಾರು ಖಾನೆಗಳು. ಹಿಂದೆ ಲಾಳ ಬಡಿಯುವ ಅಡಿಗಲ್ಲನ್ನು ಹೊತ್ತು ಹೊರಕ್ಕೆ ತಿರುಗುವ ಕಬ್ಬಿಣದ ತೋಳು. ಅದರ ಪಕ್ಕ ಎಳೆದರೆ ಈಚೆ ಬರುವ ಗ್ಯಾಸಿನ ಕುಲುಮೆ. ಬಲಗಡೆ ಉದ್ದನೆಯ ಪೆಟ್ಟಿಗೆಯೊಂದು ಬೇಕೆಂದಳು. ಅದರಲ್ಲಿ ಹಾಸಿಗೆ, ಕಂಬಳಿ, ಒಂದು ಒಲೆ ಹಿಡಿಸಬೇಕು.

"ಹಾಸಿಗೆ ಯಾಕೆ?"

"ಚಳಿಗಾಲಕ್ಕೆ ಅರಿಜೋನಾಗೆ ಹೋಗ್ತೀನಿ. ಅಲ್ಲಿ ಕುದುರೆ ಬೇಕಾದಷ್ಟಿವೆ, ಹಿಮ ಇಲ್ಲ. ವಸಂತಕ್ಕೆ ವಾಪಸ್ಸು."

ಅವನು ಆ ಪೆಟ್ಟಿಗೆಯ ಚಿತ್ರವನ್ನೂ ಬರೆದುಕೊಂಡ. ಗೆರೆ ಸೊಟ್ಟಗಾಯಿತು.

ಮೂರು ವಾರ ಹಾಲ್ವರ್ ಬೇರೆ ಕೆಲಸ ಮುಟ್ಟಲಿಲ್ಲ. ಬೆಸುಗೆ ಹಾಕಿದ ಮೂಲೆಗಳನ್ನೆಲ್ಲ ಉಜ್ಜಿ, ಅಂಗೈ ಆಡಿಸಿ ನೋಡಿ, ಮತ್ತೆ ಉಜ್ಜಿದ. ಗುರುವಾರ ಗುರುವಾರ ಯಾರದೋ ಗಾಡಿ ಎರವಲು ಪಡೆದು ರೋವೆನಾ ಬರುತ್ತಿದ್ದಳು. ಫ್ಲಾಸ್ಕಿನಲ್ಲಿ ಕಾಫಿ ತರುತ್ತಿದ್ದಳು. ಅರ್ಧ ಮುಗಿದ ಹಾಸಿನ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತು, ಹಟಮಾರಿ ಕುದುರೆಗಳ, ಅವಕ್ಕಿಂತ ಹಟಮಾರಿಯಾದ ಅವುಗಳ ಯಜಮಾನರ ಕಥೆ ಹೇಳುತ್ತಿದ್ದಳು. ವಾರದ ಉಳಿದ ಆರು ದಿನ ಹಾಲ್ವರನಿಗೆ ಅವಳು ಕೂತ ಜಾಗದಲ್ಲಿ ಗ್ರೈಂಡರ್ ಇಡಲೂ ಮನಸ್ಸು ಬರುತ್ತಿರಲಿಲ್ಲ.

ಕೊನೆಗೆ ಪೆಟ್ಟಿಗೆಗಳ ಮುಚ್ಚಳಕ್ಕೆ ಕೀಲು ಹಾಕುವುದೊಂದೇ ಉಳಿಯಿತು. ಕೀಲುಗಳು ಸೋಮವಾರ ಬಂದವು. ಗುರುವಾರ ಅವಳು ಬಂದಾಗ ಅವನ ಬಾಯಿಂದ ತಾನಾಗಿಯೇ ಮಾತು ಹೊರಟಿತು: "ಕೀಲು ಇನ್ನೂ ಬಂದಿಲ್ಲ."

ಮುಂದಿನ ಗುರುವಾರವೂ ಅದನ್ನೇ ಹೇಳಿದ. ಅದರ ಮುಂದಿನ ಗುರುವಾರವೂ.

"ನಾಚಿಕೆ ಆಗಲ್ವೇನೋ?" ಎಂದು ಸಿಗ್ರಿಡ್ ಬೈದಳು. "ಆ ಕೀಲಿನ ಡಬ್ಬಿ ಬಂದಾಗ ರಸೀತಿಗೆ ಸಹಿ ಹಾಕಿದವಳು ನಾನು. ಅವತ್ತು ಬಾಯಿ ಬಿಡಲಿಲ್ಲ, ಇವತ್ತು ಸುಳ್ಳು ಬಿಡ್ತಿದೀಯಾ."

"ಇನ್ನೊಂದು ವಾರ ಅಕ್ಕಾ."

"ಇನ್ನೊಂದು ವಾರ ಆದ್ಮೇಲೆ? ಅವಳೇನು ನಿನ್ನ ಶೆಡ್ಡಿನಲ್ಲಿ ಬೇರು ಬಿಡ್ತಾಳಾ?"

ಮುಂದಿನ ವಾರ ರೋವೆನಾ ಗುರುವಾರದ ಬದಲು ಮಂಗಳವಾರವೇ ಬಂದಳು. ಮುಖ ಕಪ್ಪಿಟ್ಟಿತ್ತು. ಬೇಟೆಗಾರರನ್ನು ಬೆಟ್ಟಕ್ಕೆ ಕರೆದೊಯ್ಯುವ ಡಂಕನ್ ಎಂಬುವನ ಹದಿನಾರು ಕುದುರೆಗಳಿಗೆ ಅವಳು ಲಾಳ ಕಟ್ಟಬೇಕಿತ್ತು. ಟ್ರಕ್ಕಿಲ್ಲದೆ ಹೋಗಲಾಗಲಿಲ್ಲ, ಅವನು ಬೇರೆಯವರನ್ನು ಕರೆಸಿಕೊಂಡಿದ್ದ. ಹೇಳುತ್ತಲೇ ಅವಳು ಕೈ ಒರೆಸಲು ಬಟ್ಟೆಗಾಗಿ ಬೆಂಚಿನ ಕೆಳಗೆ ಬಗ್ಗಿದಳು. ಬಟ್ಟೆಯ ಜೊತೆ ಡಬ್ಬಿಯೂ ಈಚೆ ಬಂತು. ಮುಚ್ಚಳ ತೆಗೆದಳು. ಎಣ್ಣೆ ಹಚ್ಚಿದ ಕೀಲುಗಳು ಸಾಲಾಗಿ ಮಲಗಿದ್ದವು.

"ಇದು ಯಾವಾಗ ಬಂತು ಹಾಲ್ವರ್?"

ಅವನಿಗೆ ಇನ್ನೊಂದು ಸುಳ್ಳು ಹೊಳೆಯಲಿಲ್ಲ. "ಮೂರು ವಾರ ಆಯ್ತು."

"ಹದಿನಾರು ಕುದುರೆ ಕಣೋ! ನನ್ನ ಮಾತಿಗೆ ಈ ಊರಲ್ಲಿ ಈಗಷ್ಟೇ ಬೆಲೆ ಬರ್ತಾ ಇತ್ತು. ಯಾಕೆ ಹೀಗೆ ಮಾಡಿದೆ?"

"ಟ್ರಕ್ಕು ಮುಗಿದರೆ ನೀನು ಬರಲ್ಲ ಅಂತ."

ಶೆಡ್ಡಿನಲ್ಲಿ ಗಾಳಿಯೂಡುವ ಯಂತ್ರ ಒಂದಷ್ಟು ಹೊತ್ತು ಗೊರಗುಟ್ಟಿ ತಾನಾಗಿ ನಿಂತಿತು. ಅವನು ಉಳಿದದ್ದನ್ನೂ ಹೇಳಿದ. ಆ ಬೇಸಿಗೆ, ಆ ಶನಿವಾರಗಳು, ಆಮೇಲಿನ ಅಷ್ಟೂ ವರ್ಷ. ತಡವರಿಸಿ, ಹಿಂದುಮುಂದಾಗಿ, ನೆಲ ನೋಡುತ್ತಾ ಹೇಳಿದ.

ರೋವೆನಾ ಡಬ್ಬಿಯನ್ನು ಬೆಂಚಿನ ಮೇಲಿಟ್ಟಳು. "ಆಗ ಕೇಳಿದ್ರೆ ಬರ್ತಿದ್ದೆ," ಎಂದಳು. "ಎಷ್ಟು ಕಾದೆ ಗೊತ್ತಾ? ಕೊನೇ ಶನಿವಾರ ಹೊಸ ಲಂಗ ಹಾಕ್ಕೊಂಡು ಬಂದಿದ್ದೆ. ನೀನು ಹೋಗಿ ಯಾರದೋ ಗೇಟಿನ ವಿಷಯ ಮಾತಾಡ್ತಾ ನಿಂತೆ."

"ಈಗ?"

"ಈಗ ಗೊತ್ತಿಲ್ಲ. ಇಷ್ಟು ವರ್ಷ ಇನ್ನೊಬ್ಬರ ಗಾಡೀಲಿ, ಇನ್ನೊಬ್ಬರು ಕರೆದ ಕಡೆ ಹೋದೆ. ಒಂದು ಚಳಿಗಾಲ ನನ್ನ ಗಾಡಿ, ನನ್ನ ದಾರಿ. ಅದನ್ನ ನಿನಗೋಸ್ಕರಾನೂ ಬಿಡಲ್ಲ. ಸುಳ್ಳು ಹೇಳಿದವನಿಗಂತೂ ಬಿಡಲ್ಲ." ಡಬ್ಬಿಯನ್ನು ಅವನತ್ತ ಸರಿಸಿ, "ಸ್ಪ್ಯಾನರ್ ತಗೋ. ನಾನು ಮುಚ್ಚಳ ಹಿಡ್ಕೋತೀನಿ," ಎಂದಳು.

ಇಬ್ಬರೂ ಸಂಜೆಯೊಳಗೆ ಕೀಲು ಕೂರಿಸಿದರು. ಕೊನೆಯ ಮುಚ್ಚಳ ಬೆರಳಿನಿಂದ ತಳ್ಳುತ್ತಲೇ ಮೆತ್ತಗೆ ಮುಚ್ಚಿಕೊಂಡಿತು. ಅವಳು ಖಾನೆಯೊಂದನ್ನು ಎಳೆದಳು. ಅದು ನೇರ ಅವಳ ಮೊಣಕೈಯ ಎತ್ತರಕ್ಕೆ ಬಂದು ನಿಂತಿತು. ಅದನ್ನು ಮತ್ತೆರಡು ಸಲ ಎಳೆದು ಮುಚ್ಚಿದಳು.

ಮರುದಿನ ಹಾಲ್ವರ್ ನಲವತ್ತು ಮೈಲಿ ಗಾಡಿ ಓಡಿಸಿಕೊಂಡು ಡಂಕನ್‌ನ ರ್‍ಯಾಂಚಿಗೆ ಹೋದ. ತಪ್ಪು ರೋವೆನಾಳದಲ್ಲ, ಕೀಲು ಬಂದಿದ್ದರೂ ಬಂದಿಲ್ಲವೆಂದು ಸುಳ್ಳು ಹೇಳಿದವನು ತಾನು ಎಂದು ಬೇಲಿಯ ಬಳಿ ನಿಂತು ಒಪ್ಪಿಕೊಂಡ. ಡಂಕನ್ ಯಾಕೆಂದು ಕೇಳಿದ. ಹಾಲ್ವರ್ ಅದನ್ನೂ ಹೇಳಿದ. ಅಲ್ಲಿದ್ದ ನಾಲ್ಕು ಜನ ಹೊಟ್ಟೆ ಹಿಡಿದು ನಕ್ಕರು. ಸಂಜೆಯೊಳಗೆ ಇಡೀ ಊರಿಗೆ ತಿಳಿಯಿತು. ವಸಂತಕ್ಕೆ ಕುದುರೆಗಳ ಲಾಳದ ಕೆಲಸ ಅವಳಿಗೇ ಎಂದು ಡಂಕನ್ ಮಾತು ಕೊಟ್ಟ.

ಅಕ್ಟೋಬರಿನಲ್ಲಿ ಮೊದಲ ಹಿಮ ಬೀಳುವ ಮುನ್ನ ರೋವೆನಾ ಹೊರಟಳು. ಹೋಗುವ ದಾರಿಯಲ್ಲಿ ಅಂಗಡಿಯ ಮುಂದೆ ನಿಲ್ಲಿಸಿದಳು, ಇಳಿಯಲಿಲ್ಲ. ಕಿಟಕಿಯಿಂದ ಕೈ ಚಾಚಿ ಅವನ ಟೋಪಿಯನ್ನು ಕಣ್ಣು ಮುಚ್ಚುವಂತೆ ಕೆಳಕ್ಕೆ ಎಳೆದು, "ಡಂಕನ್ ಎಲ್ಲಾ ಹೇಳಿದ," ಎಂದಳು. ಟೋಪಿ ಸರಿಮಾಡಿಕೊಳ್ಳುವಷ್ಟರಲ್ಲಿ ಟ್ರಕ್ಕು ಹೆದ್ದಾರಿಯ ತಿರುವಿನಲ್ಲಿತ್ತು. ತಾನೇ ಬೆಸೆದ ಹಾಸು ಬಿಸಿಲಿಗೆ ಒಮ್ಮೆ ಹೊಳೆದದ್ದನ್ನು ಕಂಡ. ಎಲ್ಲಾದರೂ ಸಡಿಲವಾಗಿ ಗಡಗಡ ಅನ್ನುತ್ತದೆಯೇ ಎಂದು ಕಿವಿಗೊಟ್ಟ. ಒಂದು ಸದ್ದೂ ಇರಲಿಲ್ಲ. ತನ್ನ ಕೆಲಸ ಅಷ್ಟು ಗಟ್ಟಿಯಾಗಿದ್ದುದಕ್ಕೆ ಜೀವಮಾನದಲ್ಲಿ ಮೊದಲ ಸಲ ಅವನಿಗೆ ಸಂಕಟವಾಯಿತು.

ನವೆಂಬರ್, ಡಿಸೆಂಬರ್ ಕಳೆದವು. ಜನವರಿಯ ಒಂದು ಮಧ್ಯಾಹ್ನ ಫೋನು ಬಂತು.

"ಮೂರನೇ ಖಾನೆ ಸಿಕ್ಕಿ ಹಾಕ್ಕೊಂಡಿದೆ," ಎಂದಳು ರೋವೆನಾ. "ಇಲ್ಲಿನ ಧೂಳು ಹಿಟ್ಟಿನ ಥರ ಇದೆ."

ಹಾಲ್ವರ್ ಹೇಳಿಕೊಟ್ಟ. ಖಾನೆಯನ್ನು ಮೊದಲು ಒಳಕ್ಕೆ ಒತ್ತಬೇಕು, ಆಮೇಲೆ ಎಡಕ್ಕೆ ಎತ್ತಬೇಕು, ಹಳಿಯನ್ನು ಒಣ ಬಟ್ಟೆಯಿಂದ ಒರೆಸಬೇಕು, ಎಣ್ಣೆ ಮಾತ್ರ ಹಾಕಲೇಬಾರದು. ಎರಡು ನಿಮಿಷದ ಮಾತನ್ನು ಹದಿನೈದು ನಿಮಿಷ ಹೇಳಿದ. ಅವಳೂ ಕೇಳಿದ್ದನ್ನೇ ಮತ್ತೆ ಮತ್ತೆ ಕೇಳಿದಳು.

"ಬಂತು!" ಎಂದಳು ಕೊನೆಗೆ. "ತಾಳು, ಒಂದು ಕುದುರೆ ಕಾಯ್ತಾ ಇದೆ. ಫೋನು ಹಾಸಿನ ಮೇಲಿಟ್ಟಿರ್ತೀನಿ. ಇಟ್ಬಿಡಬೇಡ."

ಅವನು ಇಡಲಿಲ್ಲ. ಕಿಟಕಿಯಾಚೆ ಹಿಮ ಸೊಂಟದೆತ್ತರ ಬಿದ್ದಿತ್ತು. ಫೋನಿನೊಳಗೆ ಕುದುರೆಯೊಂದು ಮೂಗರಳಿಸಿ ಉಸಿರುಬಿಟ್ಟಿತು, ಮರಳಿನ ಮೇಲೆ ಬೂಟುಗಳು ಓಡಾಡಿದವು. ಆಮೇಲೆ, "ನಿಂತ್ಕೋ ಚಿನ್ನಾ, ಕಾಲು ಕೊಡು, ಹಾಂ, ಹಂಗೆ," ಎಂಬ ಅವಳ ದನಿ ಕೇಳಿತು. ಊಟಕ್ಕೆ ಬಾ ಎಂದು ಸಿಗ್ರಿಡ್ ಬಾಗಿಲಲ್ಲಿ ಬಂದು ನಿಂತಳು. ಹಾಲ್ವರ್ ಸುಮ್ಮನಿರು ಎಂಬಂತೆ ಕೈಯೆತ್ತಿ, ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡ.