ವಿಠೋಬಾನ ಕಸಬರಿಗೆ

"ಗೇಟಿಗಿ ಕೈ ಹಚ್ಚಬ್ಯಾಡಲೇ ಸೂಳೇಮಗನ. ಊರಾಗ ಕಾಲರಾ ಐತಿ. ಪೇಶಂಟನ ಮಂದಿನ್ನ ಒಳಗ ಬಿಡಬಾರದಂತ ಸರಕಾರದ ಹುಕುಂ ಆಗೇತಿ." ಮಿರಜದ ದವಾಖಾನೆಯ ಪಹರೆಯವ ಬೆತ್ತ ಎತ್ತಿದ.

ಮ್ಹೈಸಾಳದ ಸಮಗಾರ ವಿಠೋಬಾ ತಂಬಿಗೆಯನ್ನು ಎದೆಗವಚಿಕೊಂಡು ಹಿಂದೆ ಸರಿದ. ಒಳಗಿದ್ದ ಹೆಂಡತಿ ಕೃಷ್ಣವ್ವನಿಗೆ ಗಂಟಲ ಕ್ಯಾನ್ಸರು. ಬಟ್ಟೆಯಲ್ಲಿ ಸೋಸಿದ ಅಂಬಲಿಯನ್ನು ಅವನೇ ತೊಟ್ಟು ತೊಟ್ಟಾಗಿ ಬಿಟ್ಟರೆ ಮಾತ್ರ ಇಳಿಯುತ್ತಿತ್ತು. ಎರಡು ದಿನದಿಂದ ಅವಳ ಹೊಟ್ಟೆಗೆ ಏನು ಬಿದ್ದಿತ್ತೋ ದೇವರೇ ಬಲ್ಲ.

ಊರಿನ ಇನಾಮದಾರ ಬಾಬಾಸಾಹೇಬರ ಟಾಂಗಾ ಬಂತು. ಅವರ ತಾಯಿಯೂ ಒಳಗಿದ್ದರು. ಪಹರೆಯವ ಬಾಗಿ ಗೇಟು ತೆರೆದ.

"ಸಾಹೇಬ್ರ, ಈ ತಂಬಿಗಿ ಅಷ್ಟ ಮುಟ್ಟಸ್ರಿ."

"ನಿನ್ನ ತಂಬಿಗಿ ನಾ ಹಿಡೀಲಿ? ಸೊಕ್ಕು ಭಾಳ ಆತಲೇ ನಿಂದು."

ಬಾಬಾಸಾಹೇಬರು ಕಿರ್ರೆನ್ನುವ ಚಪ್ಪಲಿ ಮೆಟ್ಟಿ ಒಳನಡೆದರು. ಅವನ್ನು ಹೊಲಿದವನು ವಿಠೋಬಾನೇ. ಚಪ್ಪಲಿ ಒಳಗೆ, ಹೊಲಿದವನು ಹೊರಗೆ. ಭಲೇ ಕಸುಬುದಾರ ನೀನು, ಎಂದು ತನಗೆ ತಾನೇ ಶಹಬ್ಬಾಸ್ ಹೇಳಿಕೊಂಡ.

ಆಮೇಲೆ ದವಾಖಾನೆಯ ಕಸ ಹೊಡೆಯುವ ಜಾಡಮಾಲಿ ಸರುಬಾಯಿ ಬಕೆಟ್ಟು ಹಿಡಿದು ಹೊರಗೆ ಬಂದಳು. ಪಹರೆಯವ ಮೂಗು ಮುಚ್ಚಿ ಮುಖ ತಿರುಗಿಸಿದ, ಅವಳಾರೆಂದು ನೋಡಲೂ ಇಲ್ಲ. ಕಸಬರಿಗೆ ಮುಟ್ಟದ ಕುಲ ನಮ್ಮದೆಂದು ಊರೆಲ್ಲ ಮೀಸೆ ತಿರುವಿದ್ದ ವಿಠೋಬಾ ಅವಳ ಹಿಂದೆ ಓಡಿದ.

"ಅಕ್ಕಾ, ಒಂದು ಕಸಬರಿಗಿ ಕೊಡ."

"ಹ್ವಾದ ವಾರ ನೀರ ಕೇಳಿದ್ರ ಇದ ತಂಬಿಗಿಲೆ ಮ್ಯಾಲಿಂದ ಸುರದಿದ್ದಿ. ನೆನಪೈತಿ?"

"ಐತಿ. ನನ್ನ ಬುದ್ಧಿ ಸಗಣಿ ತಿಂದಿತ್ತು."

ಸರುಬಾಯಿ ಅವನನ್ನು ಒಂದು ಗಳಿಗೆ ಕಾಯಿಸಿದಳು. ಆಮೇಲೆ ತೊಳೆದ ಬಕೆಟ್ಟೊಂದರಲ್ಲಿ ತಂಬಿಗೆ ಇಟ್ಟು, ಒಂದು ಕಸಬರಿಗೆಯ ಜೊತೆ ಕೊಟ್ಟಳು. "ಹಿಡಿ. ಮಾರಿ ಎತ್ತಬ್ಯಾಡ."

ಹೆಂಗಸರ ವಾರ್ಡಿಗೆ ಗಂಡಸು ಹೋಗುವಂತಿರಲಿಲ್ಲ. ಕಸಬರಿಗೆ ಹಿಡಿದವನನ್ನು ಯಾರೂ ಗಂಡಸೆಂದು ಎಣಿಸಲಿಲ್ಲ. ಅವನೋ ಒಂದು ದಿನವೂ ಕಸ ಹೊಡೆದವನಲ್ಲ. ಧೂಳನ್ನೆಲ್ಲ ತನ್ನ ಕಾಲ ಮೇಲೇ ಎಳೆದುಕೊಂಡ. ಮಾತು ನಿಂತಿದ್ದ ಕೃಷ್ಣವ್ವ ಹಾಸಿಗೆಯಿಂದಲೇ ಕೈ ಮಾಡಿ, ಹಂಗಲ್ಲ, ಹಿಂಗ, ಎಂದು ತೋರಿಸಿದಳು. ಇಪ್ಪತ್ತು ವರ್ಷದ ಸಂಸಾರದಲ್ಲಿ ಅವಳ ಕೆಲಸ ಏನೆಂದು ಅವನಿಗೆ ಆಗ ತಿಳಿಯಿತು. ಅವಳು ನಕ್ಕಳು. ಅವನು ತಂಬಿಗೆ ತೆಗೆದು ತೊಟ್ಟು ತೊಟ್ಟಾಗಿ ಬಿಟ್ಟ. ನಗುವಿಗೆ ಅರ್ಧ ಅಂಬಲಿ ಸೆರಗಿಗೆ ಹೋಯಿತು, ಅರ್ಧ ಇಳಿಯಿತು. ಅವನಿಗೆ ಅಳು ಬಂತು.

ಮರುದಿನ ಗೇಟಿನ ಮುಂದೆ ಸರುಬಾಯಿಯ ಹಿಂದೆ ಒಂಬತ್ತು ಕಸಬರಿಗೆಗಳು ನಿಂತಿದ್ದವು. ಕಸಬೆ ಡಿಗ್ರಜ ಊರಿನ ಜೈನರ ಪಾರಿಸನೂ ಒಂದನ್ನು ಹಿಡಿದಿದ್ದ. ಅವನ ತಾಯಿ ಒಳಗಿದ್ದಳು.

"ಇಷ್ಟ ಮಂದಿ ಯಾಕಲೇ?" ಪಹರೆಯವ ಕೇಳಿದ.

"ಹೊಲಸು ಭಾಳ ಐತ್ರಿ," ಎಂದಳು ಸರುಬಾಯಿ.

ಒಳಗಿಂದ ಬಾಬಾಸಾಹೇಬರು ಬಂದರು. ವಿಠೋಬಾ ಮಾರಿ ಎತ್ತಿದ.

"ಸರೀರಿ ಸಾಹೇಬ್ರ, ಕಸ ಹೊಡೀಬೇಕು."

ಅವರು ಸರಿಯಲಿಲ್ಲ. ಕಸ ಎತ್ತ ಹೊಡೆಯಬೇಕೆಂದು ವಿಠೋಬಾ ನಿನ್ನೆಯೇ ಕಲಿತಿದ್ದ. ತಾನು ಹೊಲಿದ ಚಪ್ಪಲಿಗಳ ಮೇಲೆಯೇ ಧೂಳು ತಳ್ಳಿದ.